ಮಾತಿಲ್ಲದ ಅರ್ಧ ಗಂಟೆ: ‘ರಿಫಿಫಿ’ ಹುಟ್ಟಿದ ಬಗೆ

ರಾತ್ರಿ ಹೊತ್ತು. ಪ್ಯಾರಿಸ್‌ನ ದೊಡ್ಡ ಒಡವೆ ಅಂಗಡಿಯೊಂದರ ಮೇಲಿನ ಮನೆಗೆ ನಾಲ್ಕು ಜನ ನುಗ್ಗಿದ್ದಾರೆ. ನೆಲಗಂಬಳಿ ಸುತ್ತಿ ಪಕ್ಕಕ್ಕಿಟ್ಟು ಉಳಿ, ಸುತ್ತಿಗೆ ಹಿಡಿದು ನೆಲ ಒಡೆಯುತ್ತಿದ್ದಾರೆ. ಉಳಿಯ ತಲೆಗೆ ಬಟ್ಟೆ ಸುತ್ತಿದೆ. ಮೊದಲು ಒಂದು ಸಣ್ಣ ತೂತು ಬೀಳುತ್ತದೆ. ಆ ತೂತಿನಿಂದ ಮಡಚಿದ ಛತ್ರಿಯೊಂದನ್ನು ಕೆಳಗೆ ಇಳಿಸುತ್ತಾರೆ. ಅದು ಅಂಗಡಿಯ ಸೀಲಿಂಗ್ ಕೆಳಗೆ ತಲೆಕೆಳಗಾಗಿ ಬಿಚ್ಚಿಕೊಳ್ಳುತ್ತದೆ. ಇನ್ನು ಎಷ್ಟು ಒಡೆದರೂ ಗಾರೆಯ ಚೂರು ಛತ್ರಿಯೊಳಗೆ ಬೀಳುತ್ತದೆ, ನೆಲಕ್ಕಲ್ಲ. ಯಾಕಂದ್ರೆ ಕೆಳಗಿನ ಅಲಾರಂ ಅಷ್ಟು ಸೂಕ್ಷ್ಮ. ಸ್ವಲ್ಪ ಅದುರಿದರೂ ಬಡಿದುಕೊಳ್ಳುತ್ತದೆ.

ಇಷ್ಟೂ ಹೊತ್ತು ಒಬ್ಬನೂ ಒಂದು ಮಾತೂ ಆಡುವುದಿಲ್ಲ. ಹಿನ್ನೆಲೆಯಲ್ಲಿ ಸಂಗೀತವೂ ಇಲ್ಲ. ಹೀಗೇ ಸುಮಾರು ಅರ್ಧ ಗಂಟೆ ನಡೆಯುತ್ತದೆ. ಎರಡು ಗಂಟೆಯ ಸಿನಿಮಾದ ಕಾಲು ಭಾಗ.

ಇದು 1955ರ ಫ್ರೆಂಚ್ ಸಿನಿಮಾ ‘ರಿಫಿಫಿ’. ಫ್ರೆಂಚಿನಲ್ಲಿ ಪೂರ್ತಿ ಹೆಸರು ‘ದ್ಯು ರಿಫಿಫಿ ಶೇ ಲೇ ಝೋಮ್’. ಕೊಳ್ಳೆ ಹೊಡೆಯುವ ತಂಡದ ಕತೆಯನ್ನು ನೀವು ಯಾವ ಭಾಷೆಯಲ್ಲಿ ನೋಡಿದ್ದರೂ ಈ ದೃಶ್ಯದ ನೆರಳು ಅದರ ಮೇಲೆ ಬಿದ್ದಿರುವ ಸಾಧ್ಯತೆ ಜಾಸ್ತಿ. ಆದರೆ ದೃಶ್ಯ ಎಷ್ಟು ಚೆನ್ನಾಗಿದೆ ಅಂತ ಹೇಳಿ ಮುಗಿಸಿದರೆ ಅರ್ಧ ಹೇಳಿದ ಹಾಗೆ. ಈ ಸಿನಿಮಾ ಮಾಡಿದವನು ಯಾರು, ಯಾವ ಪರಿಸ್ಥಿತಿಯಲ್ಲಿ ಮಾಡಿದ ಅಂತ ಗೊತ್ತಾದಾಗ, ಬಾಯಿ ಮುಚ್ಚಿಕೊಂಡಿರುವುದು ಇಲ್ಲಿ ಯಾಕೆ ಇಷ್ಟು ದೊಡ್ಡ ವಿಷಯ ಅನ್ನುವುದು ತಿಳಿಯುತ್ತದೆ.

ನಿರ್ದೇಶಕ ಜೂಲ್ಸ್ ಡಾಸಿನ್. ಹೆಸರು ಕೇಳಿ ಹಲವರು ಫ್ರೆಂಚಿನವನು ಅಂದುಕೊಳ್ಳುತ್ತಾರೆ. ಅಲ್ಲ, ಅಮೆರಿಕದವನು. 1911ರಲ್ಲಿ ಕನೆಕ್ಟಿಕಟ್‌ನಲ್ಲಿ ಹುಟ್ಟಿದ. ರಷ್ಯಾದಿಂದ ಬಂದ ಯಹೂದಿ ಕುಟುಂಬ. ಬೆಳೆದದ್ದು ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿ. ಹಾಲಿವುಡ್‌ನಲ್ಲಿ ‘ಬ್ರೂಟ್ ಫೋರ್ಸ್’ (1947), ‘ದ ನೇಕೆಡ್ ಸಿಟಿ’ (1948), ‘ಥೀವ್ಸ್ ಹೈವೇ’ (1949) ಮಾಡಿ ಹೆಸರು ಗಳಿಸಿದ್ದ. ‘ದ ನೇಕೆಡ್ ಸಿಟಿ’ಯನ್ನು ಸ್ಟುಡಿಯೋ ಬಿಟ್ಟು ನ್ಯೂಯಾರ್ಕಿನ ನಿಜವಾದ ಬೀದಿಗಳಲ್ಲಿ ತೆಗೆದಿದ್ದ. ಬೀದಿಯನ್ನೇ ಸೆಟ್ ಮಾಡಿಕೊಳ್ಳುವ ಆ ಅಭ್ಯಾಸ ಮುಂದೆ ಪ್ಯಾರಿಸ್‌ನಲ್ಲಿ ಕೈ ಹಿಡಿಯಿತು.

1930ರ ದಶಕದಲ್ಲಿ ಡಾಸಿನ್ ಕಮ್ಯುನಿಸ್ಟ್ ಪಕ್ಷ ಸೇರಿದ್ದ. ಹಿಟ್ಲರ್ ಮತ್ತು ಸ್ಟಾಲಿನ್ ಒಪ್ಪಂದ ಮಾಡಿಕೊಂಡ 1939ರಲ್ಲೇ ಪಕ್ಷ ಬಿಟ್ಟಿದ್ದ. ಆದರೆ ಎರಡನೇ ಮಹಾಯುದ್ಧ ಮುಗಿದ ಮೇಲೆ ಅಮೆರಿಕದಲ್ಲಿ ಗಾಳಿಯೇ ಬದಲಾಯಿತು. ಸಂಸತ್ತಿನ ಒಂದು ಸಮಿತಿ ಹಾಲಿವುಡ್‌ನಲ್ಲಿ ಕಮ್ಯುನಿಸ್ಟರನ್ನು ಹುಡುಕಲು ಶುರುಮಾಡಿತು. 1947ರಲ್ಲಿ ಉತ್ತರ ಕೊಡಲು ಒಪ್ಪದ ಹತ್ತು ಜನ ಮುಂದೆ ಜೈಲಿಗೆ ಹೋದರು. ಜೈಲಿಗೆ ಹೋಗದವರಿಗೂ ನೆಮ್ಮದಿ ಇರಲಿಲ್ಲ. ಹೆಸರು ಕರಿಪಟ್ಟಿಗೆ ಬಿದ್ದರೆ ಯಾವ ಸ್ಟುಡಿಯೋನೂ ಕೆಲಸ ಕೊಡುತ್ತಿರಲಿಲ್ಲ.

ಅದರಿಂದ ಹೊರಬರಲು ದಾರಿ ಇತ್ತು. ಸಮಿತಿಯ ಮುಂದೆ ಕೂತು, ತಪ್ಪಾಯಿತು ಅಂತ ಹೇಳಿ, ಜೊತೆಗಿದ್ದವರ ಹೆಸರು ಕೊಡಬೇಕು. ಸಮಿತಿಗೆ ಆ ಹೆಸರುಗಳು ಬಹುಪಾಲು ಮೊದಲೇ ಗೊತ್ತಿರುತ್ತಿದ್ದವು. ಅದಕ್ಕೆ ಬೇಕಿದ್ದದ್ದು ಹೊಸ ಮಾಹಿತಿಗಿಂತ ಹೆಚ್ಚಾಗಿ, ಗೆಳೆಯನ ಹೆಸರನ್ನು ಗೆಳೆಯನ ಬಾಯಿಂದಲೇ ಹೇಳಿಸುವುದು. ಜೈಲಿಗೆ ಹೋದ ಹತ್ತು ಜನರಲ್ಲಿ ಒಬ್ಬನಾದ ನಿರ್ದೇಶಕ ಎಡ್ವರ್ಡ್ ಡಿಮಿಟ್ರಿಕ್ 1951ರಲ್ಲಿ ಮನಸ್ಸು ಬದಲಿಸಿ ಸಮಿತಿಯ ಮುಂದೆ ಬಾಯಿ ಬಿಟ್ಟ. ಅವನು ಕೊಟ್ಟ ಹೆಸರುಗಳಲ್ಲಿ ಡಾಸಿನ್ ಹೆಸರೂ ಇತ್ತು. ಅಷ್ಟು ಹೊತ್ತಿಗೆ ಡಾಸಿನ್ ಲಂಡನ್‌ನಲ್ಲಿ ‘ನೈಟ್ ಅಂಡ್ ದ ಸಿಟಿ’ (1950) ಮುಗಿಸಿದ್ದ. ತನ್ನ ಸ್ವಂತ ಊರಿನಲ್ಲಿ ಮತ್ತೆ ಸಿನಿಮಾ ಮಾಡುವ ಬಾಗಿಲು ಮುಚ್ಚಿತ್ತು.

ಫ್ರಾನ್ಸಿಗೆ ಹೋದ. ಅಲ್ಲೂ ಕರಿಪಟ್ಟಿ ಬೆನ್ನು ಬಿಡಲಿಲ್ಲ. ಹಾಸ್ಯನಟ ಫೆರ್ನಾಂದೆಲ್ ನಟಿಸಲಿದ್ದ ಒಂದು ಸಿನಿಮಾ ಸಿಕ್ಕಿತ್ತು. ಶೂಟಿಂಗ್ ಇನ್ನೇನು ಶುರುವಾಗಬೇಕು ಅನ್ನುವಾಗ ಅಮೆರಿಕದಿಂದ ಒತ್ತಡ ಬಂತು. ಡಾಸಿನ್ ಮಾಡಿದರೆ ಆ ಸಿನಿಮಾ ಅಮೆರಿಕದಲ್ಲಿ ಬಿಡುಗಡೆಯಾಗಲ್ಲ ಅನ್ನುವ ಬೆದರಿಕೆ. ನಿರ್ಮಾಪಕರು ಅವನನ್ನು ಕೈಬಿಟ್ಟರು. ಹೆಂಡತಿ, ಮಕ್ಕಳು, ಕೈಯಲ್ಲಿ ಕಾಸಿಲ್ಲ, ಊರಿನ ಭಾಷೆ ಸರಿಯಾಗಿ ಬರಲ್ಲ. ವರ್ಷಗಟ್ಟಲೆ ಹೀಗೇ ಕಳೆಯಿತು.

ಆ ಹೊತ್ತಿಗೆ ಆನ್ರಿ ಬೆರಾರ್ ಅನ್ನುವ ನಿರ್ಮಾಪಕ ಒಂದು ಪತ್ತೇದಾರಿ ಕಾದಂಬರಿಯ ಹಕ್ಕು ಹಿಡಿದುಕೊಂಡು ಬಂದ. ಗಾಲಿಮಾರ್ ಪ್ರಕಾಶನದ ‘ಸೆರಿ ನ್ವಾರ್’ ಮಾಲೆಯಲ್ಲಿ 1953ರಲ್ಲಿ ಬಂದಿದ್ದ ಪುಸ್ತಕ ಅದು. ಬರೆದವನು ಓಗುಸ್ತ್ ಲೆ ಬ್ರೆತೋಂ. ಅನಾಥನಾಗಿ ಬೆಳೆದು ಪ್ಯಾರಿಸ್‌ನ ಭೂಗತ ಲೋಕವನ್ನು ಹತ್ತಿರದಿಂದ ನೋಡಿದ್ದವನು. ಅವನ ಪುಸ್ತಕದ ತುಂಬ ಆ ಲೋಕದ ಗುಪ್ತ ಮಾತು, ಬೀದಿ ಮಾತು. ಹುಟ್ಟಾ ಫ್ರೆಂಚರಿಗೇ ಕಷ್ಟ. ಡಾಸಿನ್‌ಗೆ ಒಂದು ಪುಟವೂ ಅರ್ಥವಾಗಲಿಲ್ಲ. ಬೇರೆಯವರಿಂದ ಓದಿಸಿ ಹೇಳಿಸಿಕೊಂಡ. ಕೇಳಿದ ಮೇಲೆ ಇಷ್ಟವೂ ಆಗಲಿಲ್ಲ. ಅದರಲ್ಲಿ ಉತ್ತರ ಆಫ್ರಿಕಾದವರನ್ನೇ ಕೇಡಿಗರನ್ನಾಗಿ ಮಾಡಿದ್ದು ಅವನಿಗೆ ಹಿಡಿಸಲಿಲ್ಲ. ಬೇಕಿದ್ದರೆ ಆ ಕೇಡಿಗರನ್ನು ಅಮೆರಿಕದವರನ್ನಾಗಿ ಮಾಡೋಣ ಅಂದ ಬೆರಾರ್. ತನ್ನನ್ನು ಹೊರಗಟ್ಟಿದ ದೇಶದ ಮೇಲೆ ಹಾಗೆ ಸೇಡು ತೀರಿಸಿಕೊಳ್ಳಲು ಡಾಸಿನ್ ಒಪ್ಪಲಿಲ್ಲ. ಆದರೂ ಸಿನಿಮಾ ಒಪ್ಪಿಕೊಂಡ. ಕೆಲಸ ಬೇಕಿತ್ತು.

ಇಲ್ಲಿಂದ ಮುಂದೆ ನಡೆದದ್ದು ನನಗೆ ತುಂಬಾ ಮುಖ್ಯ ಅನ್ನಿಸುತ್ತದೆ. ಪುಸ್ತಕ ಸುಮಾರು 250 ಪುಟ. ಅದರಲ್ಲಿ ಒಡವೆ ಅಂಗಡಿ ದೋಚುವ ಭಾಗ ಹತ್ತೇ ಪುಟ. ಬೇರೆ ನಿರ್ದೇಶಕನಾಗಿದ್ದರೆ ಅದನ್ನು ಐದು ನಿಮಿಷದಲ್ಲಿ ಮುಗಿಸಿ ಜಗಳ, ಗುಂಡು, ರಕ್ತದ ಕಡೆ ಓಡುತ್ತಿದ್ದ. ಡಾಸಿನ್ ತನಗೆ ಇಷ್ಟವಿಲ್ಲದ ಭಾಗಗಳನ್ನು ಕಿತ್ತುಹಾಕಿ, ಆ ಹತ್ತು ಪುಟಕ್ಕೆ ಸಿನಿಮಾದ ಕಾಲು ಭಾಗ ಕೊಟ್ಟ. ರೆನೆ ವೀಲರ್ ಅನ್ನುವ ಬರಹಗಾರನ ಜೊತೆ ಕೂತು ಆರು ದಿನದಲ್ಲಿ ಚಿತ್ರಕತೆ ಬರೆದು ಮುಗಿಸಿದ. ಅದನ್ನು ಓದಿದ ಲೆ ಬ್ರೆತೋಂಗೆ ಸಿಟ್ಟು ನೆತ್ತಿಗೇರಿತು. ನೇರ ಡಾಸಿನ್ ಹತ್ತಿರ ಬಂದು, ನನ್ನ ಪುಸ್ತಕ ಎಲ್ಲಿ ಹೋಯಿತು ಅಂತ ಕೇಳುತ್ತಾ ಮೇಜಿನ ಮೇಲೆ ಪಿಸ್ತೂಲು ಇಟ್ಟ. ಡಾಸಿನ್‌ಗೆ ನಗು ತಡೆಯಲಾಗಲಿಲ್ಲ. ಲೆ ಬ್ರೆತೋಂ ಕೂಡ ನಕ್ಕ. ಅಲ್ಲಿಂದ ಇಬ್ಬರೂ ಗೆಳೆಯರಾದರು. ಡಾಸಿನ್ ಎಷ್ಟೋ ವರ್ಷದ ಮೇಲೆ ಸಂದರ್ಶನದಲ್ಲಿ ಹೇಳಿದ ಪ್ರಸಂಗ ಇದು.

ಬಜೆಟ್ ಸುಮಾರು ಎರಡು ಲಕ್ಷ ಡಾಲರ್. ಆ ಕಾಲಕ್ಕೂ ಸಣ್ಣ ಮೊತ್ತ. ಡಾಸಿನ್‌ಗೆ ಸಿಕ್ಕಿದ್ದು ಎಂಟು ಸಾವಿರ ಡಾಲರ್. ದೊಡ್ಡ ಸ್ಟಾರ್ ಹಾಕಿಕೊಳ್ಳಲು ದುಡ್ಡಿಲ್ಲ. ಹಾಗಾಗಿ ಮುಖ್ಯ ಪಾತ್ರ ಟೋನಿಗೆ ಬೆಲ್ಜಿಯಂ ಮೂಲದ ಝಾಂ ಸರ್ವೇ ಬಂದ. ಒಂದು ಕಾಲದಲ್ಲಿ ಹೆಸರು ಮಾಡಿ, ಕುಡಿತದಿಂದ ಹಿಂದೆ ಬಿದ್ದಿದ್ದ ನಟ. ಟೋನಿ ಐದು ವರ್ಷ ಜೈಲಲ್ಲಿದ್ದು ಹೊರಬಂದವನು, ಸದಾ ಕೆಮ್ಮುತ್ತಿರುತ್ತಾನೆ, ಕಣ್ಣ ಕೆಳಗೆ ಚೀಲ. ಸರ್ವೇ ಮುಖದಲ್ಲಿ ಇದ್ಯಾವುದಕ್ಕೂ ಮೇಕಪ್ ಬೇಕಾದಂತೆ ಕಾಣುವುದಿಲ್ಲ. ಅಷ್ಟು ಸುಸ್ತಾದ ಮುಖ ಅದು. ಬೇರೆ ನಟನನ್ನು ಆ ಜಾಗದಲ್ಲಿ ಊಹಿಸಲು ನನ್ನಿಂದ ಆಗುವುದಿಲ್ಲ.

ಕಲಾ ನಿರ್ದೇಶಕ ಅಲೆಕ್ಸಾಂದ್ರ್ ಟ್ರಾನರ್. ಬುಡಾಪೆಸ್ಟ್‌ನಲ್ಲಿ ಹುಟ್ಟಿದ ಯಹೂದಿ. ಜರ್ಮನ್ನರು ಫ್ರಾನ್ಸನ್ನು ಆಕ್ರಮಿಸಿಕೊಂಡಿದ್ದಾಗ ತಲೆಮರೆಸಿಕೊಂಡೇ ದೊಡ್ಡ ದೊಡ್ಡ ಸಿನಿಮಾಗಳ ಸೆಟ್ ವಿನ್ಯಾಸ ಮಾಡಿದವನು. ಅಷ್ಟು ದೊಡ್ಡ ಹೆಸರಿನವನು ಗೆಳೆತನಕ್ಕಾಗಿ ಕಡಿಮೆ ಸಂಬಳಕ್ಕೆ ಒಪ್ಪಿದ. ಕ್ಯಾಮೆರಾ ಹಿಡಿದವನು ಫಿಲಿಪ್ ಅಗೊಸ್ತಿನಿ. ಇಡೀ ಪ್ಯಾರಿಸ್ ಸುತ್ತಿ ಸುತ್ತಿ ಡಾಸಿನ್ ಜಾಗ ಹುಡುಕಿದ. ಕೆಲಸವಿಲ್ಲದ ದಿನಗಳಲ್ಲಿ ಆ ಬೀದಿಗಳಲ್ಲಿ ನಡೆದು ನಡೆದು ಅವನಿಗೆ ಊರು ಪರಿಚಯವಾಗಿತ್ತು. 1954ರ ಚಳಿಗಾಲದ ಹೊತ್ತಲ್ಲಿ ಶೂಟಿಂಗ್. ಬಿಸಿಲು ಬಂದರೆ ಕ್ಯಾಮೆರಾ ನಿಲ್ಲಿಸುತ್ತಿದ್ದ. ಮೋಡ ಕವಿದ, ಒದ್ದೆ ರಸ್ತೆಯ, ಬೂದು ಬಣ್ಣದ ಪ್ಯಾರಿಸ್ ಮಾತ್ರ ಅವನಿಗೆ ಬೇಕು. ದಿನಾ ದುಡ್ಡು ಖರ್ಚಾಗುತ್ತಿದ್ದ ನಿರ್ಮಾಪಕನಿಗೆ ಇದು ತಲೆನೋವು. ಇನ್ನೊಂದು ತಕರಾರೂ ಇತ್ತು. ಆಗ ಫ್ರೆಂಚ್ ಪ್ರೇಕ್ಷಕರಿಗೆ ಲೆಮಿ ಕಾಷನ್ ಅನ್ನುವ ಪತ್ತೇದಾರನ ಸಿನಿಮಾಗಳ ಮುಷ್ಟಿ ಕಾಳಗ ಅಂದ್ರೆ ಪ್ರಾಣ. ಅದನ್ನೂ ಡಾಸಿನ್ ಹಾಕಲಿಲ್ಲ.

ಈಗ ಆ ಅರ್ಧ ಗಂಟೆಯ ಒಳಗೆ ಹೋಗೋಣ. ಅದು ಕೆಲಸ ಮಾಡುವುದು ಹೇಗೆ? ಮೌನ ಇದೆ ಅನ್ನುವುದು ಪೂರ್ತಿ ಉತ್ತರ ಅಲ್ಲ. ಮೌನದಲ್ಲಿ ನಡೆಯುವುದೆಲ್ಲ ನಮಗೆ ಅರ್ಥವಾಗುತ್ತಾ ಹೋಗುತ್ತದಲ್ಲ, ಅದು ದೊಡ್ಡದು. ಅದಕ್ಕೆ ಡಾಸಿನ್ ಮೊದಲೇ ತಯಾರಿ ಮಾಡಿರುತ್ತಾನೆ. ನಾಲ್ವರೂ ಬೀದಿಯ ದಿನಚರಿ ಗಮನಿಸುತ್ತಾರೆ: ಪೊಲೀಸರು ಯಾವಾಗ ಬರುತ್ತಾರೆ, ಯಾವ ಗಾಡಿ ಎಷ್ಟು ಹೊತ್ತಿಗೆ ನಿಲ್ಲುತ್ತದೆ. ಅಂಗಡಿಯಲ್ಲಿರುವಂಥದೇ ಒಂದು ಅಲಾರಂ ತಂದು ಪ್ರಯೋಗ ಮಾಡುತ್ತಾರೆ. ಮೆಲ್ಲಗೆ ತಟ್ಟಿದರೂ ಅದು ಕಿವಿ ಕಿತ್ತುಹೋಗುವ ಹಾಗೆ ಕೂಗುತ್ತದೆ. ಒಂದೊಂದೇ ಉಪಾಯ ಸೋಲುತ್ತದೆ. ಕೊನೆಗೆ ಬೆಂಕಿ ಆರಿಸುವ ಸಿಲಿಂಡರಿನ ನೊರೆಯನ್ನು ಅದರೊಳಗೆ ತುಂಬಿದಾಗ ಗಂಟೆಯ ಬಾಯಿ ಕಟ್ಟುತ್ತದೆ.

ಹೀಗೆ ಆ ಸದ್ದು ನಮ್ಮ ಕಿವಿಯಲ್ಲಿ ಮೊದಲೇ ಕೂತುಬಿಟ್ಟಿರುತ್ತದೆ. ಕಳ್ಳತನದ ರಾತ್ರಿ ಆ ಗಂಟೆ ಒಂದು ಸಲವೂ ಬಡಿಯದಿದ್ದರೂ ನಾವು ಅದನ್ನೇ ಕಾಯುತ್ತಾ ಕೂರುತ್ತೇವೆ. ಯಾಕೆ ಛತ್ರಿ, ಯಾಕೆ ಮೆತ್ತನೆ ಬೂಟು, ಯಾಕೆ ಉಳಿಗೆ ಬಟ್ಟೆ ಅಂತ ಯಾರೂ ವಿವರಿಸಬೇಕಿಲ್ಲ. ಮಧ್ಯದಲ್ಲಿ ಆ ಮನೆಯ ಪಿಯಾನೋದ ಒಂದು ಮಣೆ ಆಕಸ್ಮಾತ್ ಒತ್ತಿಹೋಗುತ್ತದೆ. ಒಂದೇ ಸ್ವರ. ಎಲ್ಲರೂ ಕಲ್ಲಾಗಿ ನಿಂತುಬಿಡುತ್ತಾರೆ, ನೋಡುವ ನಾವೂ ಸೇರಿ.

ಇನ್ನೊಂದು ಸಂಗತಿ, ಇದು ಕೆಲಸಗಾರರ ದೃಶ್ಯ. ಬೆವರು ಒರೆಸಿಕೊಳ್ಳುತ್ತಾರೆ, ಸರದಿಯ ಮೇಲೆ ಸುತ್ತಿಗೆ ಹಿಡಿಯುತ್ತಾರೆ, ಗಡಿಯಾರ ನೋಡುತ್ತಾರೆ. ಹಗ್ಗ ಕಟ್ಟಿ ಅಂಗಡಿಗೆ ಇಳಿದ ಮೇಲೆ ತಿಜೋರಿಯನ್ನು ಮೆಲ್ಲಗೆ ಮುಂದಕ್ಕೆ ವಾಲಿಸಿ, ಅದರ ಬೆನ್ನನ್ನು ಕೈಯಿಂದ ತಿರುಗಿಸುವ ಯಂತ್ರದಿಂದ ಕೊರೆಯುತ್ತಾರೆ. ಕತೆಯ ಪ್ರಕಾರ ಅದರೊಳಗಿನ ಒಡವೆಯ ಬೆಲೆ 24 ಕೋಟಿ ಫ್ರಾಂಕ್. ಆದರೆ ನೋಡುತ್ತಿರುವಾಗ ನಮಗೆ ಆ ದುಡ್ಡು ನೆನಪಿಗೇ ಬರುವುದಿಲ್ಲ. ಕೆಲಸ ಹದವಾಗಿ ಮುಗಿಯಲಿ ಅಂತಷ್ಟೇ ಮನಸ್ಸು ಬಯಸುತ್ತಿರುತ್ತದೆ. ವರ್ಷಗಟ್ಟಲೆ ಕೆಲಸ ಸಿಗದೆ ಕೂತಿದ್ದ ಒಬ್ಬ ಕಸುಬುದಾರ ಇದನ್ನು ತೆಗೆದ ಅನ್ನುವುದು ಪ್ರತಿ ಶಾಟಿನಲ್ಲೂ ಕಾಣುತ್ತದೆ ಅಂತ ನನ್ನ ನಂಬಿಕೆ.

ಸಂಗೀತದ ವಿಚಾರ ಇನ್ನೂ ಚೆನ್ನಾಗಿದೆ. ಸಂಗೀತ ನಿರ್ದೇಶಕ ಝೋರ್ಝ್ ಓರಿಕ್ ಫ್ರಾನ್ಸಿನ ಹೆಸರಾಂತ ಸಂಗೀತಗಾರ. ಕಳ್ಳತನದ ದೃಶ್ಯಕ್ಕೆ ಭರ್ಜರಿ ಸಂಗೀತ ಬರೆಯುತ್ತೇನೆ ಅಂದ. ಇಲ್ಲಿ ಸಂಗೀತವೇ ಬೇಡ ಅಂದ ಡಾಸಿನ್. ನಿನ್ನ ಒಳ್ಳೆಯದಕ್ಕೇ ಬರೆಯುತ್ತೇನೆ ಅಂತ ಓರಿಕ್ ಬಿಡದೆ ಬರೆದೂ ಬಿಟ್ಟ. ಆಗ ಡಾಸಿನ್ ಅವನನ್ನು ಕೂರಿಸಿ ದೃಶ್ಯವನ್ನು ಎರಡು ಸಲ ತೋರಿಸಿದ. ಒಮ್ಮೆ ಸಂಗೀತದ ಜೊತೆ, ಒಮ್ಮೆ ಬರೀ ಉಳಿ ಸುತ್ತಿಗೆಯ ಸದ್ದಿನ ಜೊತೆ. ನೋಡಿ ಮುಗಿದ ಮೇಲೆ ಸಂಗೀತ ಬೇಡ ಅಂದವನು ಓರಿಕ್. ತಾನು ಕಷ್ಟಪಟ್ಟು ಬರೆದದ್ದನ್ನು ತಾನೇ ತೆಗೆಸಿದ. ಸಿನಿಮಾ ಅಂದ್ರೆ ಹಲವರು ಕೂಡಿ ಮಾಡುವ ಕೆಲಸ ಅನ್ನುತ್ತೇವಲ್ಲ, ಅದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

ಇನ್ನು ಮುಂದೆ ಕತೆಯ ಉಳಿದ ಭಾಗ ಹೇಳಲೇಬೇಕು. ಸಿನಿಮಾ ನೋಡಿಲ್ಲದವರು ಬೇಕಿದ್ದರೆ ನೋಡಿಕೊಂಡು ಬಂದು ಓದಿ.

ನಾಲ್ವರಲ್ಲಿ ತಿಜೋರಿ ಒಡೆಯುವ ನಿಪುಣ ಸೆಸಾರ್. ಇಟಲಿಯವನು, ಹೆಂಗಸರ ಹುಚ್ಚು. ಈ ಪಾತ್ರಕ್ಕೆ ಗೊತ್ತುಮಾಡಿದ್ದ ಇಟಲಿಯ ನಟ ಕೊನೇ ಗಳಿಗೆಯಲ್ಲಿ ಬರಲಿಲ್ಲ. ಹಾಗಾಗಿ ಡಾಸಿನ್ ತಾನೇ ಆ ಪಾತ್ರ ಮಾಡಿದ, ಪೆರ್ಲೊ ವಿಟಾ ಅನ್ನುವ ಹೆಸರಿನಲ್ಲಿ. ಕಳ್ಳತನ ಮುಗಿಸಿ ಹೊರಡುವಾಗ ಸೆಸಾರ್ ಯಾರಿಗೂ ಹೇಳದೆ ಒಂದು ಉಂಗುರ ಜೇಬಿಗಿಳಿಸುತ್ತಾನೆ. ಅದನ್ನು ನೈಟ್‌ಕ್ಲಬ್ಬಿನ ಹಾಡುಗಾರ್ತಿ ವಿವಿಯಾನ್‌ಗೆ ಕೊಡುತ್ತಾನೆ. ಆ ಕ್ಲಬ್ಬು ಗ್ರುಟರ್ ಅನ್ನುವ ದಂಧೆಕೋರನದು. ಉಂಗುರ ನೋಡಿದ ಗ್ರುಟರ್‌ಗೆ ಎಲ್ಲವೂ ಹೊಳೆಯುತ್ತದೆ. ಸೆಸಾರ್‌ನನ್ನು ಹಿಡಿದು ಹೆದರಿಸುತ್ತಾರೆ. ಅವನು ಬಾಯಿ ಬಿಡುತ್ತಾನೆ. ಅಲ್ಲಿಂದ ಸಾವಿನ ಸರಣಿ. ತಂಡದ ಮಾರಿಯೋ ಮತ್ತು ಅವನ ಹೆಂಡತಿ ಈಡಾ ಮೊದಲು ಸಾಯುತ್ತಾರೆ.

ಟೋನಿ ಕ್ಲಬ್ಬಿಗೆ ಬಂದಾಗ ಸೆಸಾರ್ ಅಲ್ಲಿ ಕಂಬಕ್ಕೆ ಕಟ್ಟಿಹಾಕಿದ ಸ್ಥಿತಿಯಲ್ಲಿರುತ್ತಾನೆ. ಹೆದರಿದೆ, ಅದಕ್ಕೆ ಹೇಳಿಬಿಟ್ಟೆ ಅನ್ನುತ್ತಾನೆ. ನಿನ್ನನ್ನು ಕಂಡರೆ ನನಗೆ ಇಷ್ಟವಿತ್ತು, ಆದರೆ ನಮ್ಮ ನಿಯಮ ನಿನಗೆ ಗೊತ್ತಿದೆ ಎಂಬ ಅರ್ಥದ ಮಾತಾಡಿ ಟೋನಿ ಗುಂಡು ಹಾರಿಸುತ್ತಾನೆ. ಸೆಸಾರ್ ಬೇಡಿಕೊಳ್ಳುವುದಿಲ್ಲ. ನಿಯಮ ಅವನಿಗೆ ಗೊತ್ತು.

ಇಲ್ಲಿ ಒಂದು ಕ್ಷಣ ನಿಲ್ಲಬೇಕು. ಗೆಳೆಯನ ಬಾಯಿಂದ ಹೆಸರು ಹೊರಬಿದ್ದು ಬದುಕು ಕಳೆದುಕೊಂಡವನು ಡಾಸಿನ್. ಅವನೇ ಈ ದೃಶ್ಯದಲ್ಲಿ ಬಾಯಿ ಬಿಟ್ಟವನ ಪಾತ್ರದಲ್ಲಿದ್ದಾನೆ. ಈ ದೃಶ್ಯ ತೆಗೆಯುವಾಗ ಆ ಕೆಟ್ಟ ಕಾಲದಲ್ಲಿ ಗೆಳೆಯರನ್ನೇ ಒಪ್ಪಿಸಿಕೊಟ್ಟ ಗೆಳೆಯರನ್ನು ನೆನೆಯುತ್ತಿದ್ದೆ ಅಂತ ಮುಂದೆ ಅವನೇ ಹೇಳಿದ. ನನಗೆ ಇದರಲ್ಲಿ ಬರೀ ಸೇಡು ಕಾಣುವುದಿಲ್ಲ. ಸೇಡೇ ಆಗಿದ್ದರೆ ಆ ಪಾತ್ರವನ್ನು ನೋಡಿದರೆ ಅಸಹ್ಯ ಬರುವ ಹಾಗೆ ಮಾಡಬಹುದಿತ್ತು. ಡಾಸಿನ್ ಸೆಸಾರ್‌ನನ್ನು ನಗಿಸುವ, ಪ್ರೀತಿ ಹುಟ್ಟಿಸುವ ಮನುಷ್ಯನನ್ನಾಗಿ ಮಾಡಿದ. ಹೆದರಿದವನ ಮುಖವನ್ನು ತನ್ನ ಮುಖದಲ್ಲೇ ತೋರಿಸಿದ. ತಪ್ಪನ್ನು ಮಾತ್ರ ಕ್ಷಮಿಸಲಿಲ್ಲ. ಅರ್ಧ ಗಂಟೆ ತುಟಿ ಬಿಚ್ಚದೆ ಜೊತೆಗೆ ದುಡಿದವರಲ್ಲಿ ಒಬ್ಬ ಕೊನೆಗೆ ಮಾತಾಡಿದ್ದರಿಂದಲೇ ಎಲ್ಲರೂ ಹಾಳಾಗುತ್ತಾರೆ. ಸಿನಿಮಾದ ಎರಡು ಭಾಗ ಒಂದಕ್ಕೊಂದು ಕೊಂಡಿ ಹಾಕಿಕೊಂಡಿರುವುದು ಇಲ್ಲಿ.

ಕೊನೆಯ ಭಾಗದಲ್ಲಿ ಗ್ರುಟರ್ ಕಡೆಯವರು ಟೋನಿಯ ಗೆಳೆಯ, ತಂಡದ ನಾಲ್ಕನೆಯವನಾದ ಜೋ ಅನ್ನುವವನ ಪುಟ್ಟ ಮಗನನ್ನು ಎತ್ತಿಕೊಂಡು ಹೋಗುತ್ತಾರೆ. ಗುಂಡು ತಿಂದ ಟೋನಿ ಮಗುವನ್ನು ತೆರೆದ ಕಾರಿನಲ್ಲಿ ಕೂರಿಸಿಕೊಂಡು ಪ್ಯಾರಿಸ್ ತುಂಬ ಓಡಿಸುತ್ತಾನೆ. ಕೌಬಾಯ್ ವೇಷ ಹಾಕಿಕೊಂಡ ಮಗು ಆಟದ ಪಿಸ್ತೂಲು ಹಿಡಿದು ಅವನ ತಲೆಗೇ ಗುರಿ ಇಡುತ್ತದೆ. ಮೇಲೆ ಮರ, ಆಕಾಶ ಗಿರ್ರನೆ ತಿರುಗುತ್ತದೆ. ಅಗೊಸ್ತಿನಿಯ ಕ್ಯಾಮೆರಾ ಇಡೀ ಸಿನಿಮಾದಲ್ಲಿ ಹಿಡಿದಿಟ್ಟುಕೊಂಡಿದ್ದ ಬಿಗಿಯನ್ನು ಇಲ್ಲಿ ಪೂರ್ತಿ ಬಿಟ್ಟುಬಿಡುತ್ತದೆ. ಕಾರು ನಿಂತಾಗ ತಾಯಿ ಓಡಿ ಬಂದು ಮಗುವನ್ನಷ್ಟೇ ಎತ್ತಿಕೊಂಡು ಹೋಗುತ್ತಾಳೆ. ದುಡ್ಡಿನ ಪೆಟ್ಟಿಗೆಯನ್ನು ಮುಟ್ಟುವುದೂ ಇಲ್ಲ.

ಒಂದು ಮಾತು ಹೇಳದೆ ಇರಲಾರೆ. ಶುರುವಿನಲ್ಲಿ ಟೋನಿ ಮಾದೋ ಅನ್ನುವ ತನ್ನ ಹಳೆಯ ಪ್ರೇಯಸಿಯನ್ನು ಮನೆಗೆ ಕರೆಸಿ ಬೆಲ್ಟಿನಿಂದ ಹೊಡೆಯುತ್ತಾನೆ. ಹೊಡೆತ ನೇರ ತೋರಿಸುವುದಿಲ್ಲ, ಸದ್ದು ಕೇಳಿಸುತ್ತದೆ. ಇವನು ಒಳ್ಳೆಯವನಲ್ಲ ಅಂತ ತಿಳಿಸಲು ಆ ದೃಶ್ಯ ಇದೆ ಅಂತ ಸಮರ್ಥಿಸಬಹುದು. ಆದರೆ ಆಮೇಲೆ ಸಿನಿಮಾ ಟೋನಿಯನ್ನು ಮರ್ಯಾದಸ್ಥ ಕಳ್ಳ ಅಂತ ಒಪ್ಪಿಕೊಂಡುಬಿಡುತ್ತದೆ, ಮಾದೋಳ ನೋವು ಎಲ್ಲೋ ಹಿಂದೆ ಉಳಿಯುತ್ತದೆ. ನನ್ನ ಕಣ್ಣಿಗೆ ಇದು ಈ ಸಿನಿಮಾದ ನಿಜವಾದ ಕೊರತೆ. ಗಂಡಸರ ನಿಯಮದ ಬಗ್ಗೆ ಇಷ್ಟು ಯೋಚಿಸಿದವನು, ಆ ನಿಯಮದಲ್ಲಿ ಹೆಂಗಸಿಗೆ ಎಲ್ಲಿ ಜಾಗ ಅಂತ ಕೇಳಿಕೊಳ್ಳಲಿಲ್ಲ.

1955ರ ಕಾನ್ ಚಿತ್ರೋತ್ಸವದಲ್ಲಿ ಡಾಸಿನ್‌ಗೆ ಉತ್ತಮ ನಿರ್ದೇಶಕ ಪ್ರಶಸ್ತಿ ಬಂತು. ಸೋವಿಯತ್ ನಿರ್ದೇಶಕ ಸರ್ಗೆಯ್ ವಸಿಲ್ಯೆವ್ ಜೊತೆ ಹಂಚಿಕೊಂಡ. ಆಗಿನ್ನೂ 23 ವಯಸ್ಸಿನ ವಿಮರ್ಶಕನಾಗಿದ್ದ ಫ್ರಾಂಸ್ವಾ ತ್ರುಫೋ, ತಾನು ಓದಿದ ಅತಿ ಕೆಟ್ಟ ಪತ್ತೇದಾರಿ ಕಾದಂಬರಿಯಿಂದ ತಾನು ನೋಡಿದ ಅತ್ಯುತ್ತಮ ಅಪರಾಧ ಸಿನಿಮಾ ಹುಟ್ಟಿದೆ ಅಂತ ಬರೆದ. ಲೆ ಬ್ರೆತೋಂಗೆ ಅದು ಖಂಡಿತ ಅನ್ಯಾಯ. ಅವನ ಲೋಕದ ಪರಿಚಯವಿಲ್ಲದೆ ಈ ಸಿನಿಮಾದ ಪಾತ್ರಗಳಿಗೆ ಜೀವ ಬರುತ್ತಿರಲಿಲ್ಲ. ಕಳ್ಳರಿಗೆ ಪಾಠ ಹೇಳಿಕೊಡುವ ಸಿನಿಮಾ ಅನ್ನುವ ದೂರೂ ಬಂತು. ಕೆಲವು ದೇಶಗಳಲ್ಲಿ ನಿಷೇಧವೂ ಆಯಿತು. ಕಳ್ಳತನ ಎಷ್ಟು ಕಷ್ಟ ಅಂತಲೇ ತೋರಿಸಿದ್ದೇನೆ ಅನ್ನುವುದು ಡಾಸಿನ್ ಕೊಟ್ಟ ಉತ್ತರ.

ಅಮೆರಿಕದಲ್ಲಿ ಬಿಡುಗಡೆ ಮಾಡಲು ಯುನೈಟೆಡ್ ಆರ್ಟಿಸ್ಟ್ಸ್ ಅನ್ನುವ ಸಿನಿಮಾ ಕಂಪನಿ ಆಸಕ್ತಿ ತೋರಿತು. ಆದರೆ ಹಳೆಯದನ್ನೆಲ್ಲ ತಪ್ಪು ಅಂತ ಒಪ್ಪಿಕೋ ಅಂತ ಡಾಸಿನ್‌ಗೆ ಕೇಳಿತು. ಅವನು ಆಗಲ್ಲ ಅಂದ. ಹಾಗಾದರೆ ಹೆಸರು ತೆಗೆಯೋಣ ಅಂದರು. ಅದಕ್ಕೂ ಒಪ್ಪಲಿಲ್ಲ. ಕೊನೆಗೆ ಕಂಪನಿ ಬೇರೊಂದು ಹೆಸರಿನ ಸಂಸ್ಥೆ ಕಟ್ಟಿ ಅದರ ಮೂಲಕ 1956ರಲ್ಲಿ ಸಿನಿಮಾ ತಂದಿತು. ಪರದೆಯ ಮೇಲೆ ಡಾಸಿನ್ ಹೆಸರು ಹಾಗೇ ಇತ್ತು. ಕರಿಪಟ್ಟಿ ಇನ್ನೂ ಜೋರಾಗಿದ್ದ ಕಾಲದಲ್ಲಿ ಇದು ಸಣ್ಣ ವಿಷಯವಲ್ಲ.

ಅದೇ ಕಾನ್‌ನಲ್ಲಿ ಡಾಸಿನ್ ಗ್ರೀಕ್ ನಟಿ ಮೆಲಿನಾ ಮೆರ್ಕೂರಿಯನ್ನು ಭೇಟಿಯಾದ. ಮುಂದೆ ಅವಳನ್ನು ಮದುವೆಯಾಗಿ ಗ್ರೀಸ್‌ನಲ್ಲೇ ನೆಲೆಸಿ, 2008ರಲ್ಲಿ 96ನೇ ವಯಸ್ಸಿನಲ್ಲಿ ಅಥೆನ್ಸ್‌ನಲ್ಲಿ ತೀರಿಕೊಂಡ. ಫ್ರೆಂಚ್ ಹಾಡು ಕೇಳುವವರಿಗೆ ಅವನ ಮಗ ಜೋ ಡಾಸಿನ್ ಗೊತ್ತಿರಬಹುದು, ‘ಶಾನ್ಸೆಲಿಝೆ’ ಹಾಡಿದವನು. 1964ರಲ್ಲಿ ಡಾಸಿನ್ ‘ಟೋಪ್‌ಕಾಪಿ’ ಅನ್ನುವ ಇನ್ನೊಂದು ಕಳ್ಳತನದ ಸಿನಿಮಾ ಮಾಡಿದ, ಇಸ್ತಾಂಬುಲ್‌ನಲ್ಲಿ, ಬಣ್ಣದಲ್ಲಿ, ಹಗುರ ಮನಸ್ಸಿನಲ್ಲಿ. ಸೀಲಿಂಗಿನಿಂದ ಹಗ್ಗ ಹಿಡಿದು ನೇತಾಡುತ್ತಾ ಕದಿಯುವ ದೃಶ್ಯ ಅದರಲ್ಲಿದೆ. ‘ಮಿಷನ್ ಇಂಪಾಸಿಬಲ್’ ಟಿವಿ ಧಾರಾವಾಹಿಗೆ ಪ್ರೇರಣೆ ಬಂದದ್ದು ಆ ಸಿನಿಮಾದಿಂದ. ಫ್ರಾನ್ಸಿನಲ್ಲಿ ಝಾಂ ಪಿಯೆರ್ ಮೆಲ್ವಿಲ್ 1970ರ ‘ಲೆ ಸೆರ್ಕ್ಲ್ ರೂಝ್’ನಲ್ಲಿ ಮಾತಿಲ್ಲದ ಉದ್ದನೆಯ ಕಳ್ಳತನವನ್ನು ತನ್ನದೇ ರೀತಿಯಲ್ಲಿ ತೆಗೆದ. ಎರಡನ್ನೂ ಒಂದರ ಹಿಂದೆ ಒಂದು ನೋಡಿದರೆ ತುಂಬಾ ಕಲಿಯಬಹುದು. ಮೆಲ್ವಿಲ್‌ನ ಕಳ್ಳರು ತಣ್ಣಗಿರುತ್ತಾರೆ, ಡಾಸಿನ್‌ನ ಕಳ್ಳರು ಬೆವರುತ್ತಾರೆ.

‘ರಿಫಿಫಿ’ ನೋಡುವುದಾದರೆ ಮೂಲ ಫ್ರೆಂಚಿನಲ್ಲೇ, ಸಬ್‌ಟೈಟಲ್ ಹಾಕಿಕೊಂಡು ನೋಡಿ. ಡಬ್ ಮಾಡಿದ ಪ್ರತಿ ಬೇಡ. ರಾತ್ರಿ ಹೊತ್ತು, ಫ್ಯಾನ್ ಆರಿಸಿ, ಹೆಡ್‌ಫೋನ್ ಹಾಕಿಕೊಂಡರೆ ಇನ್ನೂ ಒಳ್ಳೆಯದು. ಸುತ್ತಿಗೆ ಏಟಿನ ನಡುವೆ ಒಬ್ಬರು ಉಸಿರು ಬಿಡುವ ಸದ್ದನ್ನೂ ಡಾಸಿನ್ ಬಿಟ್ಟಿಲ್ಲ. ಫೋನಿನ ಸ್ಪೀಕರಿನಲ್ಲಿ ಅದು ಕೇಳಿಸುವುದಿಲ್ಲ.